ಒಂದೇ ಜಲಪಾತದ ಹೂವು ನಮ್ಮ ಅಂಗಳಕ್ಕೆ ಬಂದದ್ದು ತಪ್ಪೇ?

ಪ್ರಶ್ನೆ: ನಾನು ಶಿರಸಿಯ ಕಡೆಯವಳು. ಒಂಬತ್ತು ವರ್ಷಗಳಿಂದ ಟೆಕ್ಸಾಸ್‌ನ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನರ್ಸರಿಯಿಂದ ‘ಟೆಕ್ಸಾಸ್ ಗೋಲ್ಡ್’ ಎಂಬ ಹಳದಿ ಕೊಲಂಬೈನ್‌ನ ಮೂರು ಗಿಡ ತಂದು ಓಕ್ ಮರದ ಅಡಿಯಲ್ಲಿ ನೆಟ್ಟೆ. ಪ್ರತಿ ವಸಂತದಲ್ಲೂ ಚೆನ್ನಾಗಿ ಹೂ ಬಿಟ್ಟವು. ತಾವಾಗಿಯೇ ಬೀಜ ಉದುರಿ ಈಗ ಹದಿನೈದಕ್ಕೂ ಹೆಚ್ಚು ಸಸಿಗಳಾಗಿವೆ. ಮೊನ್ನೆ ಮನೆಗೆ ಬಂದ ಗೆಳತಿಯೊಬ್ಬರು, ‘ಇದು ಇಡೀ ಪ್ರಪಂಚದಲ್ಲಿ ಒಂದೇ ಒಂದು ಜಲಪಾತದ ಬಳಿ ಬೆಳೆಯುವ ಗಿಡ. ನರ್ಸರಿಯವರು ಅಲ್ಲಿಂದ ಕಿತ್ತು ತಂದು ಅಲ್ಲಿ ಬರಿದಾಗಿಸಿದ್ದಾರೆ. ನಿನ್ನ ಬೀಜಗಳನ್ನು ಅಲ್ಲಿಗೇ ಮರಳಿಸಬೇಕು’ ಎಂದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಾನು ತಪ್ಪು ಮಾಡಿದೆನೇ? ಬೀಜವನ್ನು ಜಲಪಾತಕ್ಕೆ ಕೊಡಲಾಗದಿದ್ದರೆ ಮನೆ ಹಿಂದಿನ ತೊರೆಯ ದಂಡೆಯಲ್ಲಾದರೂ ಚೆಲ್ಲಬಹುದೇ? ಈ ವರ್ಷ ಹೂಬಿಟ್ಟ ಸಸಿಗಳಲ್ಲಿ ಮೂರ್ನಾಲ್ಕು ಕೆಂಪು ಛಾಯೆಯವು, ಹೂವಿನ ಬಾಲವೂ ಗಿಡ್ಡ, ಅದೇಕೆ? ಆಗಸ್ಟ್‌ನಲ್ಲಿ ಎಲೆಗಳೆಲ್ಲ ಒಣಗುತ್ತವೆ, ಗಿಡ ಸಾಯುತ್ತಿದೆಯೇ? ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಅಮ್ಮನಿಗೆ ಒಂದು ಹಿಡಿ ಬೀಜ ಒಯ್ಯಬಹುದೇ?

ಉತ್ತರ: ನೀವು ಕೇಳಿರುವುದು ಐದು ಪ್ರಶ್ನೆಗಳಾದರೂ ಎಲ್ಲದರ ಬುಡದಲ್ಲಿರುವ ಅಳುಕು ಒಂದೇ: ತಿಳಿಯದೆ ಒಂದು ಅಪರೂಪದ ಗಿಡದ ನಾಶದಲ್ಲಿ ಪಾಲುದಾರಳಾದೆನೇ ಎಂಬುದು. ಆಗಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅವರು ಸೂಚಿಸಿದ ಪರಿಹಾರ ಮಾತ್ರ ಗಿಡಕ್ಕೆ ಹಾನಿ ಮಾಡುವಂಥದ್ದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ನಿಮ್ಮ ಅಂಗಳದ ಗಿಡದ ಮೂಲ ಟೆಕ್ಸಾಸ್‌ನ ಪಶ್ಚಿಮ ಅಂಚಿನ ಪ್ರೆಸಿಡಿಯೋ ಕೌಂಟಿಯಲ್ಲಿರುವ ಕಪೋಟಿ ಜಲಪಾತ. ಸುಮಾರು 175 ಅಡಿ, ಎಂದರೆ 53 ಮೀಟರ್ ಎತ್ತರದ ಇದನ್ನು ಟೆಕ್ಸಾಸ್‌ನ ಅತಿ ಎತ್ತರದ ಜಲಪಾತವೆಂದು ಹೇಳುತ್ತಾರೆ. ನಿಮ್ಮೂರಿನ ಉಂಚಳ್ಳಿಯನ್ನು ಕಂಡವರಿಗೆ ಇದು ಚಿಕ್ಕದೇ, ಅದರ ಅರ್ಧದಷ್ಟೂ ಇಲ್ಲ, ನೀರೂ ಹೆಚ್ಚಲ್ಲ. ಆದರೆ ಸುತ್ತಲೂ ಮೈಲುಗಟ್ಟಲೆ ಚಿವಾವಾ ಮರುಭೂಮಿಯ ಒಣ ಬಂಡೆ, ಕಳ್ಳಿ, ಮುಳ್ಳುಪೊದೆ. ಅದರ ನಡುವೆ ಒರತೆಯ ನೀರು ಬಂಡೆಯಂಚಿನಿಂದ ಇಳಿಯುತ್ತ, ತಾನು ಹೊತ್ತು ತಂದ ಸುಣ್ಣವನ್ನು ಪದರ ಪದರವಾಗಿ ಕಲ್ಲಿನ ಮೇಲೆ ಕಟ್ಟುತ್ತದೆ. ಆ ಒದ್ದೆ ಸುಣ್ಣದ ಗೋಡೆಯ ಬಿರುಕುಗಳಲ್ಲಿ ಜರೀಗಿಡಗಳ ಜೊತೆಗೆ ಈ ಹಳದಿ ಕೊಲಂಬೈನ್ ಬೇರೂರಿದೆ. ಕಾಡು ಗಿಡವಾಗಿ ಇದು ಕಾಣಸಿಗುವುದು ಅಲ್ಲಿ ಮಾತ್ರ.

ಪಶ್ಚಿಮ ಟೆಕ್ಸಾಸ್‌ನ ಸಸ್ಯಗಳನ್ನು ಸಂಗ್ರಹಿಸಿದ ಎಲ್. ಸಿ. ಹಿಂಕ್ಲಿ ಅವರ ನೆನಪಿಗಾಗಿ ಸಸ್ಯವಿಜ್ಞಾನಿ ಫಿಲಿಪ್ ಮುನ್ಜ್ 1946ರಲ್ಲಿ ಇದಕ್ಕೆ ಅಕ್ವಿಲೇಜಿಯಾ ಹಿಂಕ್ಲಿಯಾನಾ ಎಂದು ಹೆಸರಿಟ್ಟರು. ಇದನ್ನು ಪ್ರತ್ಯೇಕ ಪ್ರಭೇದವೆನ್ನದೆ, ಅಮೆರಿಕದ ನೈಋತ್ಯ ಭಾಗದಲ್ಲಿ ವ್ಯಾಪಕವಾಗಿರುವ ಅಕ್ವಿಲೇಜಿಯಾ ಕ್ರೈಸಾಂಥಾ ಎಂಬ ಹಳದಿ ಕೊಲಂಬೈನ್‌ನ ಒಂದು ಉಪಬಗೆ ಎಂದೇ ಗಣಿಸುವವರೂ ಇದ್ದಾರೆ. ಅದಕ್ಕಾಗಿಯೇ ನಿಮ್ಮ ಗಿಡದ ಚೀಟಿಯ ಮೇಲೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು ಹೆಸರು ಕಾಣಬಹುದು. ಎರಡೂ ಗಿಡ ಒಂದೇ, ಗಾಬರಿ ಬೇಡ.

ಗೆಳತಿಯ ಮಾತಿನಲ್ಲಿ ನಿಜವಾದ ಅರ್ಧ ಇಷ್ಟು. ಉಳಿದರ್ಧ, ನರ್ಸರಿಯವರು ಕಿತ್ತು ತಂದು ಬರಿದು ಮಾಡಿದರು ಎಂಬುದು, ಈ ಗಿಡದ ಸ್ವಭಾವ ಬಲ್ಲವರಿಗೆ ಒಪ್ಪಿಗೆಯಾಗದು. ಕೊಲಂಬೈನ್‌ನದು ಆಳಕ್ಕಿಳಿಯುವ ತಾಯಿಬೇರು. ಬಂಡೆಯ ಬಿರುಕಿನಿಂದ ಕೀಳಹೊರಟರೆ ಬೇರು ತುಂಡಾಗುತ್ತದೆ, ಕಿತ್ತ ಗಿಡ ಸಾಮಾನ್ಯವಾಗಿ ಬದುಕುವುದಿಲ್ಲ. ಅದೇ ಗಿಡ ಒಂದೇ ಋತುವಿನಲ್ಲಿ ನೂರಾರು ಬೀಜ ಕೊಡುತ್ತದೆ, ಬೀಜದಿಂದ ಸಸಿ ಮಾಡುವುದು ಸುಲಭ. ಹೀಗಿರುವಾಗ ಕೀಳುವುದರಲ್ಲಿ ಯಾರಿಗೂ ಲಾಭವಿಲ್ಲ. ಅಂಗಡಿಗೆ ಬರುವ ‘ಟೆಕ್ಸಾಸ್ ಗೋಲ್ಡ್’ ಸಸಿಗಳು ಹಿಂದೆಂದೋ ಸಂಗ್ರಹಿಸಿದ ಬೀಜದಿಂದ ತಲೆಮಾರುಗಳ ಕಾಲ ತೋಟದಲ್ಲೇ ಬೆಳೆಸಿ ಬಂದವು. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗದವರು ಬೇಸಿಗೆ ತಾಳುವ ಗುಣಕ್ಕಾಗಿ ಇದನ್ನು ತಮ್ಮ ‘ಟೆಕ್ಸಾಸ್ ಸೂಪರ್‌ಸ್ಟಾರ್’ ಗಿಡಗಳ ಪಟ್ಟಿಗೆ ಸೇರಿಸಿ ಜನಪ್ರಿಯಗೊಳಿಸಿದರು. ನೀವು ಕೊಂಡ ಮೂರು ಗಿಡಗಳಿಗಾಗಿ ಜಲಪಾತದ ಗೋಡೆಯಿಂದ ಒಂದು ಎಲೆಯೂ ಕಡಿಮೆಯಾಗಿಲ್ಲ.

ಹಾಗಾದರೆ ಇಷ್ಟು ಸುಲಭವಾಗಿ ಬೆಳೆಯುವ ಗಿಡ ಕಾಡಿನಲ್ಲಿ ಒಂದೇ ಕಡೆ ಏಕಿದೆ ಎಂದು ನೀವು ಕೇಳಬಹುದು. ಅಪರೂಪದ ಗಿಡವೆಂದರೆ ನಾಜೂಕಿನ ಗಿಡ ಎಂದು ನಾವು ಭಾವಿಸುತ್ತೇವೆ. ನನ್ನ ವಿದ್ಯಾರ್ಥಿಗಳಿಗೂ ಮೊದಲು ಬಿಡಿಸಿ ಹೇಳಬೇಕಾಗುವುದು ಇದನ್ನೇ. ಗಿಡವೊಂದು ಎಲ್ಲಿ ಬದುಕಬಲ್ಲದು ಎನ್ನುವುದು ಒಂದು ವಿಚಾರ, ಎಲ್ಲಿಗೆ ತಲುಪಬಲ್ಲದು ಎನ್ನುವುದು ಬೇರೆಯೇ ವಿಚಾರ. ಹಿಂದಿನ ಹಿಮಯುಗದಲ್ಲಿ ಈ ಪ್ರದೇಶ ಇಂದಿಗಿಂತ ತಂಪಾಗಿ, ತೇವವಾಗಿ ಇತ್ತು. ಅಲ್ಲಿನ ಕಾಡು ಇಲಿಗಳು ಗುಹೆಗಳಲ್ಲಿ ಕೂಡಿಟ್ಟ ಎಲೆ, ಕಡ್ಡಿ, ಬೀಜಗಳ ರಾಶಿ ಅವುಗಳ ಮೂತ್ರದಲ್ಲಿ ಅಂಟಿ ಗಟ್ಟಿಯಾಗಿ ಸಾವಿರಾರು ವರ್ಷ ಹಾಗೆಯೇ ಉಳಿದಿದೆ. ಅವನ್ನು ಬಿಡಿಸಿ ನೋಡಿದವರಿಗೆ, ಸುಮಾರು 11,000 ವರ್ಷಗಳ ಹಿಂದಿನವರೆಗೂ ಇಂದಿನ ಮರುಭೂಮಿಯ ತಗ್ಗುಗಳಲ್ಲಿ ಪೈನ್, ಜೂನಿಪರ್, ಓಕ್ ಮರಗಳಿದ್ದ ಗುರುತು ಸಿಕ್ಕಿದೆ. ಆಮೇಲೆ ಹವೆ ಬಿಸಿಯಾಗಿ ನೆಲ ಒಣಗಿತು. ತೇವ ಬೇಡುವ ಗಿಡಗಳಿಗೆ ಉಳಿದದ್ದು ಎತ್ತರದ ಬೆಟ್ಟಗಳು ಮತ್ತು ಬತ್ತದ ಒರತೆಗಳು ಮಾತ್ರ.

ಕೊಲಂಬೈನ್‌ನ ಬೀಜವನ್ನು ನೀವೇ ಕೈಯಲ್ಲಿ ಹಿಡಿದು ನೋಡಿರುತ್ತೀರಿ. ಒಣಗಿದ ಐದು ಕಾಯಿಗಳ ಗೊಂಚಲು ಮೇಲ್ಮುಖವಾಗಿ ನಿಂತಿರುತ್ತದೆ. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗುತ್ತದೆ, ತುದಿಯಿಂದ ಕರಿ ಎಳ್ಳಿನಂಥ ಹೊಳೆಯುವ ಕಾಳು ಉದುರುತ್ತವೆ. ಅದಕ್ಕೆ ಗಾಳಿಯಲ್ಲಿ ತೇಲುವ ರೆಕ್ಕೆಯಿಲ್ಲ, ಪ್ರಾಣಿಯ ಮೈಗೆ ಅಂಟುವ ಮುಳ್ಳಿಲ್ಲ, ಹಕ್ಕಿಯನ್ನು ಕರೆಯುವ ತಿರುಳಿಲ್ಲ. ತಾಯಿಗಿಡದ ಬುಡದಲ್ಲೇ ಬೀಳಬೇಕು, ಅಲ್ಲಿ ತೇವವಿದ್ದರೆ ಮೊಳೆಯಬೇಕು. ವರ್ಷಕ್ಕೆ ಹತ್ತು ಹನ್ನೆರಡು ಇಂಚು ಮಳೆಯ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನೆಲವನ್ನು ಆ ಬೀಜ ದಾಟಿ ಮುಂದಿನ ಒರತೆಯನ್ನು ಮುಟ್ಟುವ ದಾರಿಯೇ ಇಲ್ಲ. ಹೀಗೆ ಒಂದೊಂದು ಒರತೆಯೂ ಒಂದೊಂದು ದ್ವೀಪವಾಯಿತು. ಅದೇ ಮರುಭೂಮಿ ಸೀಮೆಯಲ್ಲಿ ಇನ್ನೂ ಕೆಲವು ಹಳದಿ ಕೊಲಂಬೈನ್‌ಗಳು ಇಂಥದ್ದೇ ದ್ವೀಪಗಳಲ್ಲಿ ಉಳಿದಿವೆ: ಗ್ವಾಡಲೂಪೆ ಬೆಟ್ಟಗಳ ತೊರೆಕಣಿವೆಗಳಲ್ಲಿ ಚಿಕ್ಕ ಹೂವಿನದೊಂದು, ಬಿಗ್ ಬೆಂಡ್‌ನ ಚೀಸೋಸ್ ಬೆಟ್ಟಗಳಲ್ಲಿ ಗೇಣುದ್ದಕ್ಕೆ ಹತ್ತಿರವಾಗುವ ಬಾಲದ ಹೂವಿನದೊಂದು.

ಕಪೋಟಿಯ ಗಿಡದ ಬೇರು ತಂಪಾದ ಒದ್ದೆ ಕಲ್ಲಿನಲ್ಲಿದ್ದರೂ ಎಲೆಗಳು ಸಾವಿರಾರು ವರ್ಷ ಮರುಭೂಮಿಯ ಬಿಸಿಗಾಳಿಯನ್ನು ಉಂಡಿವೆ. ಬೆಟ್ಟದ ಮೇಲಿನ ತಂಪಿನಲ್ಲಿ ಉಳಿದ ಅದರ ಬಳಗದವರು ಆಸ್ಟಿನ್‌ನ ಬೇಸಿಗೆಗೆ ಕರಗಿಹೋಗುತ್ತಾರೆ, ಇದು ತಾಳಿಕೊಳ್ಳುತ್ತದೆ. ನಿಮ್ಮ ತೋಟದಲ್ಲಿ ಅದು ಗೆದ್ದಿರುವುದಕ್ಕೂ ಕಾಡಿನಲ್ಲಿ ಅದು ಒಂಟಿಯಾಗಿರುವುದಕ್ಕೂ ಕಾರಣ ಒಂದೇ ಜಾಗ.

ಇಲ್ಲಿಂದ ಮುಂದಿನ ಮಾತು ನನಗೆ ಹೆಚ್ಚು ಮುಖ್ಯವಾದದ್ದು. ಸಾವಿರಾರು ಅಂಗಳಗಳಲ್ಲಿ ಈ ಹೂವು ಅರಳುತ್ತಿರುವಾಗ ಜಲಪಾತದ ಗಿಡಗಳು ಹೋದರೂ ನಷ್ಟವೇನು ಎಂದು ಕೇಳುವವರಿದ್ದಾರೆ. ತೋಟಕ್ಕೆ ಬಂದ ಬೀಜ ಕೆಲವೇ ತಾಯಿಗಿಡಗಳದು. ಆಮೇಲೆ ನಾವು ಬೇಗ ಮೊಳೆತದ್ದನ್ನು, ಕುಂಡದಲ್ಲಿ ಒತ್ತಾಗಿ ಬೆಳೆದದ್ದನ್ನು, ದೊಡ್ಡ ಹೂವಿನದನ್ನು ಆರಿಸುತ್ತ ಬಂದಿದ್ದೇವೆ. ನಿಧಾನವಾಗಿ ಮೊಳೆತವನ್ನು ಎಸೆದಿದ್ದೇವೆ. ಆದರೆ ಬರಗಾಲದ ವರ್ಷ ಮೊಳೆಯದೆ ಕಾದು ಕುಳಿತು ಮುಂದಿನ ವರ್ಷ ತಲೆ ಎತ್ತುವ ಬೀಜವೇ ಬಂಡೆಗೋಡೆಯಲ್ಲಿ ಆ ಸಂತತಿಯನ್ನು ಉಳಿಸುವುದು. ಗೋಡೆಯ ಮೇಲೆ ಬೇಕಾದ ಗುಣವನ್ನು ತೋಟದಲ್ಲಿ ನಾವೇ ಕಳೆದಿದ್ದೇವೆ. ಜಾತಿಯ ಹೆಸರು ಎರಡೂ ಕಡೆ ಒಂದೇ ಇರಬಹುದು, ಒಳಗಿನ ದಾಸ್ತಾನು ಒಂದೇ ಅಲ್ಲ.

ಜಲಪಾತದ ಗಿಡಕ್ಕೆ ನಿಜವಾದ ಭಯ ಇರುವುದು ನೀರಿನದು. ಆ ಗೋಡೆ ಒಣಗಿದರೆ ಯಾವ ಕಾಯ್ದೆಯೂ ಅದನ್ನು ಉಳಿಸದು. ಟೆಕ್ಸಾಸ್‌ನಲ್ಲಿ 1904ರ ಒಂದು ತೀರ್ಪಿನಿಂದೀಚೆಗೆ, ತನ್ನ ನೆಲದಡಿಯ ನೀರನ್ನು ಎತ್ತುವ ಹಕ್ಕು ಬಹುಮಟ್ಟಿಗೆ ನೆಲದ ಒಡೆಯನದು. ಇದರ ಪರಿಣಾಮವನ್ನು ಪಶ್ಚಿಮ ಟೆಕ್ಸಾಸ್ ಕಣ್ಣಾರೆ ಕಂಡಿದೆ. ಫೋರ್ಟ್ ಸ್ಟಾಕ್‌ಟನ್ ಊರಿನ ಕೊಮಾಂಚಿ ಒರತೆಗಳು ಒಂದು ಕಾಲಕ್ಕೆ ಸಾವಿರಾರು ಎಕರೆಗೆ ನೀರುಣಿಸುತ್ತಿದ್ದವು. ಮೇಲ್ಗಡೆಯ ಹೊಲಗಳಲ್ಲಿ ಪಂಪುಗಳು ಶುರುವಾದ ಮೇಲೆ ಕೆಳಗಿನ ರೈತರು ನ್ಯಾಯಾಲಯಕ್ಕೆ ಹೋದರು, 1954ರಲ್ಲಿ ಸೋತರು. 1961ರ ಹೊತ್ತಿಗೆ ಒರತೆಗಳು ಬತ್ತಿದವು. ಆ ನೀರಿನಲ್ಲಿದ್ದ, ಅದರದೇ ಹೆಸರು ಹೊತ್ತ ಪುಟ್ಟ ಮೀನು ಅಲ್ಲಿಂದ ಅಳಿದು, ಬಾಲ್ಮೋರಿಯಾ ಊರಿನ ಸುತ್ತಲಿನ ಬೇರೆ ಒರತೆಗಳ ನೀರಿನಲ್ಲಿ ಮಾತ್ರ ಉಳಿದಿದೆ. ಈಗ ಕೆಲವು ಚಳಿಗಾಲಗಳಲ್ಲಿ, ಪಂಪುಗಳು ನಿಂತಿರುವಾಗ, ಹಳೆಯ ಒರತೆಯಲ್ಲಿ ಸ್ವಲ್ಪ ನೀರು ಬರುತ್ತದೆ. ಬತ್ತಿದ ನಡುವಿನ ತಿಂಗಳುಗಳನ್ನು ಒಂದು ಮೀನಾಗಲಿ ಬಂಡೆಯ ಗಿಡವಾಗಲಿ ಕಾಯಲಾರದು.

ಕಾನೂನಿನ ವಿಷಯ ಚುಟುಕಾಗಿ. ಹಿಂಕ್ಲಿಯವರ ಹೆಸರಿನ ಇನ್ನೊಂದು ಗಿಡವಿದೆ, ಹಿಂಕ್ಲಿ ಓಕ್ ಎಂಬ ಮೊಣಕಾಲೆತ್ತರದ ಪೊದೆ. ಅದು 1988ರಿಂದ ಅಮೆರಿಕದ ಕೇಂದ್ರ ಸರ್ಕಾರದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕೊಲಂಬೈನ್ ಆ ಪಟ್ಟಿಯಲ್ಲಿಲ್ಲ. ಎರಡನ್ನೂ ಗೊಂದಲ ಮಾಡಿಕೊಂಡು ‘ಈ ಗಿಡ ಇಟ್ಟುಕೊಳ್ಳುವುದೇ ಅಪರಾಧ’ ಎನ್ನುವವರು ಸಿಗುತ್ತಾರೆ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನು ಕೊಂಡು ನೆಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಜಲಪಾತ ಇರುವುದು ಖಾಸಗಿ ಜಮೀನಿನಲ್ಲಿ. ಅಲ್ಲಿಗೆ ಒಪ್ಪಿಗೆಯಿಲ್ಲದೆ ಕಾಲಿಡುವುದು ಅತಿಕ್ರಮ ಪ್ರವೇಶವಾಗುತ್ತದೆ. ಇಂಥ ಹೂವನ್ನು ಅದರ ಒರತೆಯಲ್ಲೇ ನೋಡುವ ಆಸೆ ನಿಮಗಿದ್ದರೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದ ಕ್ಯಾಟೇಲ್ ಜಲಪಾತಕ್ಕೆ ಹೋಗಿ. ಅಲ್ಲಿ ನೀರಿಗೆ ಇಳಿಯಬಾರದು, ಕೊಳದಲ್ಲಿ ಈಜಬಾರದು ಎಂದು ಉದ್ಯಾನದವರು ಕೇಳಿಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಈ ಗಿಡಗಳೇ.

ಈಗ ಬೀಜವನ್ನು ಮರಳಿಸುವ ಮಾತು. ದಯವಿಟ್ಟು ಬೇಡ. ಜಮೀನಿನ ಪ್ರಶ್ನೆ ಹಾಗಿರಲಿ, ನಿಮ್ಮ ಸಸಿಗಳಲ್ಲಿ ಕೆಂಪು ಛಾಯೆ ಬಂದಿರುವುದೇ ಸಾಕಷ್ಟು ಕಾರಣ. ಆ ಬೀಜದಲ್ಲಿ ಈಗ ಕಪೋಟಿಯದಲ್ಲದ ರಕ್ತ ಸೇರಿದೆ. ಸಣ್ಣ ಸಂತತಿಯೊಂದಕ್ಕೆ ಹೊರಗಿನ ಗುಣ ಬೆರೆತರೆ ಅದನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಗಿಡವನ್ನೇ ಒಯ್ದು ನೆಟ್ಟರೆ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಕುಂಡದ ಮಣ್ಣಿನ ಜೊತೆ ಬೇರು ಕೊಳೆಸುವ ಶಿಲೀಂಧ್ರವೂ ಹೋಗುತ್ತದೆ. ಸದಾ ಒದ್ದೆಯಾಗಿರುವ ಗೋಡೆಗಿಂತ ಅದಕ್ಕೆ ಅನುಕೂಲದ ಜಾಗ ಇನ್ನೊಂದಿಲ್ಲ. ಅಪರೂಪದ ಗಿಡವನ್ನು ಮರಳಿ ಕಾಡಿಗೆ ಸೇರಿಸುವ ಕೆಲಸ ಲೋಕದಲ್ಲಿ ನಡೆಯುತ್ತದೆ, ನಿಜ. ಆದರೆ ಅದು ಮೂಲ ಜಾಗದಿಂದ ಪ್ರತಿ ತಾಯಿಗಿಡದ ಬೀಜವನ್ನು ಬೇರೆ ಬೇರೆ ಲಕೋಟೆಯಲ್ಲಿ ಸಂಗ್ರಹಿಸಿ, ದಾಖಲೆ ಇಟ್ಟು, ಒಣಗಿಸಿ, ಶೈತ್ಯದಲ್ಲಿ ಕಾಪಾಡಿ, ಬೇರೆ ದಾರಿಯೇ ಇಲ್ಲವೆಂದಾಗ ಮಾತ್ರ ಮಾಡುವ ಕೆಲಸ. ಕೊಲಂಬೈನ್‌ನ ಬೀಜ ಒಣಗಿಸಿ ತಂಪಿನಲ್ಲಿಟ್ಟರೆ ಬಹುಕಾಲ ಉಳಿಯುವ ಜಾತಿಯದಾದ್ದರಿಂದ ಅದಕ್ಕೆ ಅವಕಾಶವಿದೆ. ನಿಮಗೆ ಈ ಕೆಲಸದಲ್ಲಿ ಕೈಜೋಡಿಸುವ ಮನಸ್ಸಿದ್ದರೆ ಆಸ್ಟಿನ್‌ನಲ್ಲೇ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್ ಇದೆ. 1982ರಲ್ಲಿ ಆರಂಭವಾದ ಆ ಸಂಸ್ಥೆ ಕಾಡು ಗಿಡಗಳ ಬೀಜ ಸಂಗ್ರಹದ ಕೆಲಸವನ್ನೂ ಮಾಡುತ್ತದೆ. ಸ್ವಯಂಸೇವಕರಿಗೂ ಅಲ್ಲಿ ಅವಕಾಶವುಂಟು.

ಕೆಂಪು ಛಾಯೆಯ ಸಸಿಗಳ ಬಗ್ಗೆ ನೀವು ಬರೆದ ನಾಲ್ಕು ಪದ ನನಗೆ ಇಡೀ ಪತ್ರದಲ್ಲೇ ಅತಿ ಉಪಯುಕ್ತವಾದ ವಿವರವಾಯಿತು. ಮುಂದಿನ ವಸಂತದಲ್ಲಿ ಒಂದು ಸಂಜೆ ತಾಯಿಗಿಡದ ಒಂದು ಹೂವನ್ನು ಹತ್ತಿರದಿಂದ ನೋಡಿ. ಹೂವು ಮೇಲ್ಮುಖವಾಗಿ ಅರಳಿರುತ್ತದೆ. ಐದು ಹಳದಿ ಪಕಳೆಗಳಲ್ಲಿ ಪ್ರತಿಯೊಂದೂ ಹಿಂದಕ್ಕೆ ತೆಳುವಾದ ಬಾಲವಾಗಿ ಚಾಚಿಕೊಂಡಿರುತ್ತದೆ, ಉದ್ದ ಸಾಮಾನ್ಯವಾಗಿ 4 ಸೆಂಟಿಮೀಟರಿಗೂ ಮಿಕ್ಕಿ. ಬಾಲದ ತುದಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಮಕರಂದ ನಿಂತಿರುವುದು ಕಾಣುತ್ತದೆ. ಆ ಬಾಲ ಅಷ್ಟುದ್ದ ಬೆಳೆಯುವುದು ಹೊಸ ಕೋಶಗಳು ಹುಟ್ಟುತ್ತ ಹೋಗುವುದರಿಂದಲ್ಲ; ಮೊಗ್ಗು ಚಿಕ್ಕದಿರುವಾಗಲೇ ಕೋಶ ವಿಭಜನೆ ನಿಂತು, ಇರುವ ಕೋಶಗಳೇ ನೂಲಿನಂತೆ ನೀಳವಾಗುತ್ತವೆ. ಅಷ್ಟು ಆಳದ ಮಕರಂದ ಸಿಗುವುದು ಉದ್ದ ಸೊಂಡಿಲಿನ ಹಾಕ್ ಪತಂಗಗಳಿಗೆ. ಮಬ್ಬುಗತ್ತಲಲ್ಲಿ ಎದ್ದು ಕಾಣುವ ತಿಳಿ ಬಣ್ಣ, ಸಂಜೆಯ ಪರಿಮಳ, ಮೇಲ್ಮುಖದ ಭಂಗಿ ಇವೆಲ್ಲ ಅವಕ್ಕಾಗಿಯೇ.

ನೀವಿರುವ ಮಧ್ಯ ಟೆಕ್ಸಾಸ್‌ನ ಸುಣ್ಣಕಲ್ಲಿನ ಕಣಿವೆಗಳಲ್ಲಿ ಇನ್ನೊಂದು ಕೊಲಂಬೈನ್ ತಾನಾಗಿಯೇ ಬೆಳೆಯುತ್ತದೆ, ಅಕ್ವಿಲೇಜಿಯಾ ಕೆನಡೆನ್ಸಿಸ್. ಅದರ ಹೂವು ಕೆಂಪು, ಒಳಗೆ ಹಳದಿ, ಗಂಟೆಯಂತೆ ತಲೆತಗ್ಗಿಸಿ ತೂಗುತ್ತದೆ, ಬಾಲ ಗಿಡ್ಡ ಮತ್ತು ದಪ್ಪ. ಅದರ ಅತಿಥಿ ಹಮ್ಮಿಂಗ್ ಬರ್ಡ್. ನೋಡಲು ಇಷ್ಟು ಬೇರೆಯಾದರೂ ಎರಡೂ ವಂಶವಾಹಿಯ ಮಟ್ಟದಲ್ಲಿ ಬಹಳ ಹತ್ತಿರದವು. ಕೊಲಂಬೈನ್ ಕುಲದ ಕವಲುಗಳು ಬೇರೆಯಾಗಿ ಹೆಚ್ಚು ಕಾಲವಾಗಿಲ್ಲ. ದುಂಬಿಯಿಂದ ಹಮ್ಮಿಂಗ್ ಬರ್ಡ್‌ಗೆ, ಹಮ್ಮಿಂಗ್ ಬರ್ಡ್‌ನಿಂದ ಪತಂಗಕ್ಕೆ ಅತಿಥಿ ಬದಲಾದಾಗಲೆಲ್ಲ ಬಾಲ ಉದ್ದವಾಗುತ್ತ ಹೋಯಿತು ಎಂದು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಅವನ್ನು ಬೇರೆಯಾಗಿ ಇಟ್ಟಿರುವುದು ಬಹುಮಟ್ಟಿಗೆ ದೂರ ಮತ್ತು ಅತಿಥಿ, ಇವೆರಡೇ. ಪಕ್ಕಪಕ್ಕ ನೆಟ್ಟರೆ ಎರಡೂ ಬೆರಕೆಯಾಗುತ್ತವೆ, ಹುಟ್ಟುವ ಮಿಶ್ರ ಸಂತಾನವೂ ಬಂಜೆಯಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಕೆಂಪು ಮತ್ತು ತಿಳಿ ಬಣ್ಣದ ಎರಡು ಕಾಡು ಕೊಲಂಬೈನ್‌ಗಳು ಸಂಧಿಸುವಲ್ಲಿ ಇಂಥ ಮಿಶ್ರ ಗಿಡಗಳ ವಲಯವೇ ಇದೆ. ನಿಮ್ಮ ಕೆಂಪು ಛಾಯೆಯ ಸಸಿಗಳು ಹೀಗೆ ಹುಟ್ಟಿದವು. ತಂದೆ ತೊರೆಯ ದಂಡೆಯ ಕಾಡು ಗಿಡವಿರಬಹುದು, ನೆರೆಮನೆಯ ಬಣ್ಣಬಣ್ಣದ ತೋಟದ ತಳಿಯೂ ಇರಬಹುದು.

ಆದ್ದರಿಂದ ನಿಮ್ಮ ತೋಟದಿಂದ ಅಪಾಯವೇನಾದರೂ ಇದ್ದರೆ ಅದು ನೂರಾರು ಮೈಲು ಆಚೆಯ ಕಪೋಟಿಗಲ್ಲ, ನಿಮ್ಮ ಮನೆ ಹಿಂದಿನ ತೊರೆಯಲ್ಲಿರಬಹುದಾದ ಕೆಂಪು ಕೊಲಂಬೈನ್‌ಗೆ. ಅದು ಜಗತ್ತಿನ ದೃಷ್ಟಿಯಲ್ಲಿ ಅಪರೂಪದ್ದಲ್ಲ, ಪೂರ್ವ ಅಮೆರಿಕದುದ್ದಕ್ಕೂ ಇದೆ. ಆದರೆ ನಿಮ್ಮ ಕಣಿವೆಯ ಗಿಡ ಆ ವ್ಯಾಪ್ತಿಯ ನೈಋತ್ಯ ತುದಿಯದು, ಅಲ್ಲಿನ ಬಿಸಿಲಿಗೆ, ಸುಣ್ಣಕಲ್ಲಿಗೆ ಒಗ್ಗಿಕೊಂಡದ್ದು. ತೊರೆಯ ದಂಡೆಯಲ್ಲಿ ಬೀಜ ಚೆಲ್ಲಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಒಳ್ಳೆಯ ಮನಸ್ಸಿನಿಂದ ಚೆಲ್ಲಿದ ಬೀಜವನ್ನು ಹುಡುಕಿ ಕಿತ್ತುಹಾಕುವ ಕೆಲಸದಲ್ಲಿ ನಾನು ಭಾಗವಹಿಸಿದ್ದೇನೆ. ಹೂಬಿಡುವವರೆಗೆ ಯಾವುದು ಯಾವುದೆಂದು ಎಲೆ ನೋಡಿ ಹೇಳಲಾಗದೆ ನಾಲ್ಕು ವಸಂತ ಅದೇ ದಂಡೆಯನ್ನು ಸುತ್ತಬೇಕಾಯಿತು.

ಅಂಗಳದಲ್ಲಿ ಏನು ಮಾಡಬಹುದು ಎಂದರೆ, ಮಿಶ್ರ ಗಿಡಗಳನ್ನು ನೀವು ಇಟ್ಟುಕೊಳ್ಳಲೂಬಹುದು; ಅವು ಬಲವಾಗಿ ಬೆಳೆಯುತ್ತವೆ, ಚೆಂದವೂ ಇರುತ್ತವೆ. ಹೂವು ಬಾಡಿದ ಕೂಡಲೇ, ಕಾಯಿ ಕಂದುಬಣ್ಣಕ್ಕೆ ತಿರುಗುವ ಮೊದಲು, ಹೂದಂಟನ್ನು ಬುಡದಿಂದ ಕತ್ತರಿಸಿದರೆ ಬೀಜ ಹರಡುವುದಿಲ್ಲ. ಇದರ ತೊಂದರೆಯೆಂದರೆ ಒಂದು ವಾರ ಊರಿಗೆ ಹೋದರೂ ಕೆಲಸ ತಪ್ಪಿಹೋಗುತ್ತದೆ, ಮತ್ತು ಆ ಗಿಡಗಳ ಪರಾಗವನ್ನು ನೀವು ತಡೆಯಲಾರಿರಿ. ನಾನಾಗಿದ್ದರೆ ಕೆಂಪು ಛಾಯೆಯವನ್ನು ಕಿತ್ತುಬಿಡುತ್ತಿದ್ದೆ. ಹಳದಿಯ ಶುದ್ಧ ಬೀಜವೇ ಬೇಕೆಂದರೆ ಮೊಗ್ಗು ಬಿರಿಯುವ ಮುನ್ನವೇ ತೆಳು ಬಟ್ಟೆಯ ಚೀಲ ಕಟ್ಟಿ, ಒಂದು ಹಳದಿ ಗಿಡದ ಪರಾಗವನ್ನು ಇನ್ನೊಂದಕ್ಕೆ ಮೆತ್ತನೆಯ ಕುಂಚದಿಂದ ಮುಟ್ಟಿಸಿ, ಮತ್ತೆ ಚೀಲ ಕಟ್ಟಬೇಕು. ತಾಳ್ಮೆ ಇದ್ದರೆ ಮಾಡಿ. ಇಲ್ಲವಾದರೆ ಕೆಲವು ವರ್ಷಗಳಿಗೊಮ್ಮೆ ನರ್ಸರಿಯಿಂದ ಹೊಸ ಗಿಡ ತರುವುದೇ ನೇರವಾದ ದಾರಿ. ಇನ್ನೂ ಒಂದು ಆಯ್ಕೆಯಿದೆ. ಹಳದಿಯನ್ನು ಕ್ರಮೇಣ ಬಿಟ್ಟು, ನಿಮ್ಮ ಸೀಮೆಯ ಬೀಜದಿಂದಲೇ ಬೆಳೆಸಿದ ಕೆಂಪು ಕೊಲಂಬೈನ್ ನೆಡುವುದು. ತೊರೆಯ ಪಕ್ಕದಲ್ಲೇ ಮನೆಯಿರುವವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ.

ಆಗಸ್ಟ್‌ನ ಒಣಗುವಿಕೆ ರೋಗವಲ್ಲ. ನಿಮ್ಮಲ್ಲಿ ಈ ಗಿಡದ ಬೆಳವಣಿಗೆಯ ಕಾಲ ಶರತ್ಕಾಲದಿಂದ ವಸಂತದವರೆಗೆ. ಕಡುಬೇಸಿಗೆಯಲ್ಲಿ ಅದು ಎಲೆಯನ್ನು ಬಿಟ್ಟು ಬುಡದಲ್ಲಿ ಅಡಗುತ್ತದೆ. ಒಣ ಎಲೆ ಸರಿಸಿ ಮಣ್ಣಿನ ಮಟ್ಟದಲ್ಲಿರುವ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು, ಉಗುರಿನಲ್ಲಿ ಗೀರಿದರೆ ಒಳಗೆ ಬೆಳ್ಳಗೆ ಕಂಡರೆ ಜೀವವಿದೆ. ಮೆತ್ತಗಾಗಿ ಕಂದು ನೀರು ಒಸರಿದರೆ ಕೊಳೆತಿದೆ. ಕೊಳೆಯುವುದಕ್ಕೆ ಬಹುತೇಕ ಕಾರಣ ಪ್ರೀತಿಯಿಂದ ಹಾಕಿದ ನೀರು. ಜಲಪಾತದ ಗಿಡವಾದ್ದರಿಂದ ನೀರು ಬಹಳ ಬೇಕು ಎಂದು ಜನ ತಿಳಿಯುತ್ತಾರೆ. ಗೋಡೆಯ ಮೇಲೆ ನೀರು ಸದಾ ಹರಿದುಹೋಗುತ್ತದೆ, ನಿಲ್ಲುವುದಿಲ್ಲ; ಅಂಗಳದ ಜಿಗಟು ಮಣ್ಣಿನಲ್ಲಿ ನಿಲ್ಲುತ್ತದೆ. ಮಣ್ಣಿಗೆ ಗರಸು ಬೆರೆಸಿ, ಗಿಡವನ್ನು ಸ್ವಲ್ಪ ದಿಬ್ಬದ ಮೇಲಿಟ್ಟು, ಮಧ್ಯಾಹ್ನದ ಬಿಸಿಲು ತಪ್ಪಿಸಿ, ಬೇಸಿಗೆಯಲ್ಲಿ ಬೇರು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಡಿ. ಎಲೆಯ ಮೇಲೆ ಬಿಳಿ ಗೆರೆಗಳು ಸುತ್ತಾಡಿದ್ದರೆ ಅದು ರಂಗೋಲಿ ಹುಳು. ಆ ಎಲೆಗಳನ್ನು ಚಿವುಟಿ ಕಸಕ್ಕೆ ಹಾಕಿದರೆ ಸಾಕು, ಔಷಧಿ ಹೊಡೆಯುವ ಅಗತ್ಯವಿಲ್ಲ. ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು: ಕೊಲಂಬೈನ್ ದೀರ್ಘಾಯುಷಿಯಲ್ಲ. ತೋಟದಲ್ಲಿ ಒಂದು ಗಿಡ ಮೂರು, ನಾಲ್ಕು, ಹೆಚ್ಚೆಂದರೆ ಐದು ವರ್ಷ. ನಿಮ್ಮ ಮೊದಲ ಮೂರು ಗಿಡಗಳಲ್ಲಿ ಒಂದೆರಡು ಈ ಅಕ್ಟೋಬರ್‌ನಲ್ಲಿ ಚಿಗುರದೆ ಹೋದರೆ ಅದು ನಿಮ್ಮ ಆರೈಕೆಯ ದೋಷವಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೀಜ ಮತ್ತು ಬೇರು ವಿಷಕಾರಿ ಎಂಬುದೂ ನೆನಪಿರಲಿ.

ಕೊನೆಯದಾಗಿ ಶಿರಸಿಗೆ ಒಯ್ಯುವ ಹಿಡಿ ಬೀಜ. ಭಾರತಕ್ಕೆ ಬಿತ್ತುವ ಬೀಜವನ್ನು ತರಲು 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದಂತೆ ಆಮದು ಪರವಾನಗಿಯೂ, ಹೊರಡುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಚೀಲದ ಮೂಲೆಯಲ್ಲಿಟ್ಟ ಚಿಕ್ಕ ಪೊಟ್ಟಣಕ್ಕೂ ನಿಯಮ ಅದೇ. ಒಂದು ಹಿಡಿ ಬೀಜದಿಂದ ಏನಾದೀತು ಎನ್ನಿಸುತ್ತದೆ, ನಿಜ. ಆದರೆ ಬೀಜದ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ರೋಗಾಣು ಬರುತ್ತದೆ. ಮಲೆನಾಡಿನ ಬೇಲಿ ಬೇಣಗಳನ್ನೆಲ್ಲ ಆವರಿಸಿರುವ ಲಂಟಾನವೂ 19ನೆಯ ಶತಮಾನದ ಆರಂಭದಲ್ಲಿ ಚೆಂದದ ಹೂವೆಂದೇ ಈ ದೇಶಕ್ಕೆ ಬಂದದ್ದು. ಕೊಲಂಬೈನ್ ಶಿರಸಿಯಲ್ಲಿ ಲಂಟಾನವಾಗುವ ಸಂಭವವಿಲ್ಲ, ಏಕೆಂದರೆ ಅದು ಅಲ್ಲಿ ಬದುಕುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಬುಡ ಕೊಳೆಯುತ್ತದೆ. ಬೀಜದೊಳಗಿನ ಇನ್ನೂ ಬಲಿಯದ ಭ್ರೂಣಕ್ಕೂ ಹೂಮೊಗ್ಗಿಗೂ ಬೇಕಾದ ಚಳಿ ಅಲ್ಲಿ ಸಿಗದು. ಭಾರತದಲ್ಲಿ ಕೊಲಂಬೈನ್‌ಗಳು ತಾವಾಗಿ ಬೆಳೆಯುವುದು ಹಿಮಾಲಯದಲ್ಲಿ. ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ ಅದರ ಹತ್ತಿರದ ಬಂಧುವಾದ ಥ್ಯಾಲಿಕ್ಟ್ರಮ್ ಇದೆ. ಅದರ ಹೂವಿಗೆ ಬಾಲವಿಲ್ಲ, ಮಕರಂದವಿಲ್ಲ, ಬರಿಯ ಕೇಸರಗಳ ಬಿಳಿ ಕುಚ್ಚು. ಎಲೆ ಮಾತ್ರ ನಿಮ್ಮ ಅಂಗಳದ ಗಿಡದ್ದೇ ಎನ್ನಿಸುವಷ್ಟು ಹೋಲುತ್ತದೆ.

ಈಗಾಗಲೇ ಕೂಡಿಸಿಟ್ಟಿರುವ ಬೀಜವನ್ನು ಎಸೆಯಬೇಕಾಗಿಲ್ಲ. ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ವರ್ಷವನ್ನೂ ‘ಮಿಶ್ರ’ ಎಂಬ ಪದವನ್ನೂ ಬರೆದು, ಡಬ್ಬಿಯೊಳಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ಸೆಪ್ಟೆಂಬರ್ ಕೊನೆಗೆ, ಬಿಸಿಲು ಇಳಿದ ಮೇಲೆ, ಮೂರು ನಾಲ್ಕು ವಾರ ಒದ್ದೆ ಮರಳಿನಲ್ಲಿ ಅದೇ ಫ್ರಿಜ್‌ನಲ್ಲಿಟ್ಟು ಆಮೇಲೆ ಕುಂಡದಲ್ಲಿ ಬಿತ್ತಿ. ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೇಲ್ಮೈಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ, ತುಂತುರು ನೀರು ಕೊಟ್ಟು, ಮೂರರಿಂದ ಆರು ವಾರ ಕಾಯಿರಿ. ತೊರೆಯಿಂದ ದೂರದಲ್ಲಿ ಮನೆಯಿರುವ ಗೆಳತಿಯರಿಗೆ ಆ ಸಸಿಗಳನ್ನು ಕೊಡಬಹುದು. ಹೂವು ಬರುವುದು ಅದರ ಮುಂದಿನ ವರ್ಷದ ವಸಂತದಲ್ಲಿ ಎಂಬುದನ್ನು ಕೊಡುವಾಗಲೇ ಹೇಳಿಬಿಡಿ. ಮೊದಲ ವರ್ಷ ಬರಿಯ ಎಲೆ ನೋಡಿ ಕಿತ್ತೆಸೆದವರು ಬಹಳ ಜನ.